ಬಾಣಂತಿ ಕೋಣೆಯಿಂದ ಅಂಬೆಗಾಲಿನವರೆಗೆ: ಮನೆಯಲ್ಲಿ ಹಸುಗೂಸಿನ ಆರೈಕೆ

ಹೆರಿಗೆ ಆಸ್ಪತ್ರೆಯಿಂದ ಕೂಸಿನೊಡನೆ ತವರಿಗೆ ಬಂದ ಬಾಣಂತಿಗೆ ಸಲಹೆಗಳ ಕೊರತೆ ಇರುವುದಿಲ್ಲ. ತಾಯಿ, ಅಜ್ಜಿ, ಅತ್ತೆ, ನೀರು ಹಾಕಲು ಬರುವಾಕೆ, ನೆರೆಮನೆಯವರು, ಈಗ ಮೊಬೈಲಿನ ವಿಡಿಯೊಗಳು, ಎಲ್ಲವೂ ಒಂದೊಂದು ಮಾತು ಹೇಳುತ್ತವೆ. ಅವುಗಳಲ್ಲಿ ಯಾವುದನ್ನು ಪಾಲಿಸಬೇಕು, ಯಾವುದನ್ನು ನಯವಾಗಿ ಬಿಡಬೇಕು ಎಂದು ನಿರ್ಧರಿಸುವಷ್ಟು ತ್ರಾಣ ನಿದ್ದೆಗೆಟ್ಟ ತಾಯಿಗೆ ಇರುವುದಿಲ್ಲ. ನಮ್ಮ ಬಾಣಂತನದ ಪದ್ಧತಿಯಲ್ಲಿ ಮನಸಾರೆ ಉಳಿಸಿಕೊಳ್ಳಬೇಕಾದ ಸಂಗತಿಗಳಿವೆ: ತಾಯಿಗೆ ಮನೆಗೆಲಸದಿಂದ ಬಿಡುವು ಕೊಡುವುದು, ತಾಯಿ ಮಗು ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬೆಚ್ಚಗಿಡುವುದು, ನೋಡಲು ಬರುವವರ ಗುಂಪನ್ನು ಕೆಲವು ವಾರ ದೂರವಿಡುವುದು. ಹಾನಿಯಾಗುವುದು ಬಹುಮಟ್ಟಿಗೆ ಮಗುವಿನ ಮೈಯೊಳಕ್ಕೆ ಏನನ್ನಾದರೂ ಸೇರಿಸುವ ಆಚರಣೆಗಳಿಂದ. ಆದ್ದರಿಂದ ಮನೆಯವರೆಲ್ಲ ಮೊದಲೇ ಒಪ್ಪಿಕೊಳ್ಳಬೇಕಾದ ಒಂದು ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೊದಲ ಆರು ತಿಂಗಳು ಮಗುವಿನ ಬಾಯಿಗೆ ತಾಯಿಯ ಹಾಲು, ಲಸಿಕೆಯ ಹನಿ ಮತ್ತು ವೈದ್ಯರು ಬರೆದುಕೊಟ್ಟ ಔಷಧಿಯನ್ನು ಬಿಟ್ಟು ಬೇರೇನೂ ಹೋಗಬಾರದು. ಕಣ್ಣು, ಮೂಗು, ಕಿವಿ, ಹೊಕ್ಕುಳಗಳಿಗೆ ಮನೆಯ ಯಾವ ವಸ್ತುವನ್ನೂ ಹಾಕಬಾರದು.

ಹಾಲುಣಿಸುವುದು

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಬೇಕು. ಸಿಸೇರಿಯನ್ ಆದ ತಾಯಿಯೂ ಎಚ್ಚರವಾಗಿದ್ದರೆ ದಾದಿಯರ ನೆರವಿನಿಂದ ಇದನ್ನು ಮಾಡಬಹುದು. ಮೊದಲ ಎರಡು ಮೂರು ದಿನ ಬರುವ ಗಟ್ಟಿಯಾದ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಪ್ರಮಾಣದಲ್ಲಿ ಕೆಲವೇ ಚಮಚಗಳಷ್ಟಿದ್ದರೂ ಸೋಂಕನ್ನು ತಡೆಯುವ ಅಂಶಗಳು ಅದರಲ್ಲಿ ತುಂಬಿರುತ್ತವೆ, ನವಜಾತ ಶಿಶುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಆ ದಿನಗಳಲ್ಲಿ ಹಾಲು ಬಂದಿಲ್ಲವೆಂದು ಸಕ್ಕರೆ ನೀರು, ಜೇನುತುಪ್ಪ ಅಥವಾ ಹಸುವಿನ ಹಾಲನ್ನು ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದಷ್ಟೂ ಹಾಲು ಇಳಿಯುವುದು ತಡವಾಗುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂ ಬಾರದು, ಏಕೆಂದರೆ ಅದರಲ್ಲಿರಬಹುದಾದ ಬೊಟುಲಿಸಮ್ ರೋಗಾಣು ಶಿಶುವಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲದು. ಬಜೆ ತೇಯ್ದು ನೆಕ್ಕಿಸುವುದರಿಂದ ಮಾತು ಬೇಗ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಮಗು ಬಿಡದೆ ವಾಂತಿ ಮಾಡಿಕೊಳ್ಳುವ ಸಂಭವ ಮಾತ್ರ ಇದೆ. ಗುಟ್ಟಿ, ಹರಳೆಣ್ಣೆ, ಗ್ರೈಪ್ ವಾಟರ್‌ಗಳೂ ಬೇಕಿಲ್ಲ.

ದಿನ ರಾತ್ರಿ ಸೇರಿ ಎಂಟರಿಂದ ಹನ್ನೆರಡು ಬಾರಿ, ಮಗು ಕೇಳಿದಾಗಲೆಲ್ಲ ಹಾಲು ಕೊಡಬೇಕು. ಮಗುವಿನ ಬಾಯಿ ಅಗಲವಾಗಿ ತೆರೆದು ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಹಿಡಿದಿರಬೇಕು. ತೊಟ್ಟನ್ನು ಮಾತ್ರ ಹಿಡಿದರೆ ಮಗುವಿಗೆ ಹಾಲೂ ಸಿಗುವುದಿಲ್ಲ, ತಾಯಿಯ ತೊಟ್ಟೂ ಬಿರಿಯುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಹಾಲು ಸಾಲದು ಎಂಬ ದೂರಿನ ಹಿಂದೆ ಇರುವುದು ಈ ಹಿಡಿತದ ದೋಷವೇ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಿ, ಮುಂದೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತಾ, ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಬೇಕು. ರಾಯಚೂರು, ಕಲಬುರಗಿಗಳ ಬಿರುಬೇಸಿಗೆಯಲ್ಲಿಯೂ ಆರು ತಿಂಗಳೊಳಗಿನ ಮಗುವಿಗೆ ನೀರು ಕುಡಿಸಬೇಕಾಗಿಲ್ಲ. ತಾಯಿಯ ಹಾಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಇನ್ನೊಂದೆರಡು ಬಾರಿ ಎದೆಗೆ ಹಚ್ಚಿದರಾಯಿತು, ತಾಯಿ ಮಾತ್ರ ಹೆಚ್ಚು ನೀರು ಕುಡಿಯಬೇಕು.

ಕೂಲಿಗೋ ಗಾರ್ಮೆಂಟ್ಸ್ ಕೆಲಸಕ್ಕೋ ಕಚೇರಿಗೋ ಮರಳುವ ತಾಯಿ ತೊಳೆದ ಕೈಯಿಂದ ಹಾಲು ಹಿಂಡಿ, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಟ್ಟು ಹೋಗಬಹುದು. ಅದು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಫ್ರಿಜ್‌ನಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆಯಾದರೂ ಕರೆಂಟು ಹೋಗಿಬರುವ ಊರುಗಳಲ್ಲಿ ಒಂದು ದಿನದೊಳಗೆ ಬಳಸುವುದೇ ಒಳ್ಳೆಯದು. ಕುಡಿಸಲು ಬಾಟಲಿಗಿಂತ ಒಳಲೆ ಅಥವಾ ಬಟ್ಟಲು ಚಮಚ ಮೇಲು. ಬಾಟಲಿಯ ರಬ್ಬರ್ ನಿಪ್ಪಲ್‌ನ ಸಂದಿಗಳನ್ನು ಪೂರ್ತಿ ಶುಚಿಗೊಳಿಸುವುದು ಕಷ್ಟ. ಒಳಲೆಯನ್ನು ಸೋಪಿನಿಂದ ತೊಳೆದು ನೀರಿನಲ್ಲಿ ಕುದಿಸಿದರೆ ಸಾಕು.

ತಾಯಿಯ ತಟ್ಟೆ

ಮಗುವಿನ ಆರೋಗ್ಯದ ಬಗ್ಗೆ ಬರೆಯುವಾಗ ತಾಯಿಯ ಊಟವನ್ನು ಕೊನೆಗೆ ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಅದು ಮೊದಲ ಸಾಲಿನಲ್ಲಿ ಬರಬೇಕಾದ ವಿಷಯ. ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ ಪಥ್ಯವೆಂದು ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಇಷ್ಟನ್ನೇ ವಾರಗಟ್ಟಲೆ ಕೊಡುತ್ತಾರೆ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನಂಜು ಎಂದು ಒಂದೊಂದನ್ನೇ ತೆಗೆದುಹಾಕುತ್ತಾರೆ, ಕುಡಿಯುವ ನೀರನ್ನೂ ಅಳೆದು ಕೊಡುತ್ತಾರೆ. ಇಂಥ ಊಟದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ತೀರ ಕಡಿಮೆ. ತಾಯಿಯಲ್ಲಿ ಅದು ಬರಿದಾದಾಗ ಅವಳ ಹಾಲಿನಲ್ಲಿಯೂ ಇರುವುದಿಲ್ಲ. ಒಂದರಿಂದ ನಾಲ್ಕು ತಿಂಗಳ ನಡುವೆ ಚೆನ್ನಾಗಿಯೇ ಬೆಳೆಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ವಾಂತಿ ಮಾಡಿ, ದನಿ ಒಡೆದು ಅಥವಾ ದನಿಯೇ ಇಲ್ಲದಂತೆ ಅಳುತ್ತಾ, ಏದುಸಿರು ಬಿಡುತ್ತಾ ಹೃದಯದ ತೊಂದರೆಗೆ ಸಿಲುಕುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಎದೆಹಾಲು ಮಾತ್ರ ಕುಡಿಯುತ್ತಿದ್ದ ಇಂಥ ಶಿಶುಗಳನ್ನು ಅಧ್ಯಯನ ಮಾಡಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಏರಿದ ಒತ್ತಡವು ಥಯಾಮಿನ್ ಚುಚ್ಚುಮದ್ದಿನಿಂದ ಬೇಗನೆ ಇಳಿಯುವುದನ್ನು ದಾಖಲಿಸಿದ್ದಾರೆ. ಚಿಕಿತ್ಸೆ ಇಷ್ಟು ಸುಲಭವಾದ, ಆದರೆ ತಡವಾದರೆ ಪ್ರಾಣವನ್ನೇ ಕಳೆಯುವ ಕಾಯಿಲೆಯೊಂದು ಪ್ರೀತಿಯಿಂದ ಮಾಡುವ ಪಥ್ಯದಿಂದಲೇ ಬರುತ್ತದೆ ಎಂಬುದು ಪ್ರತಿ ಮನೆಯ ಹಿರಿಯರಿಗೂ ತಿಳಿದಿರಬೇಕು.

ಆದ್ದರಿಂದ ಬಾಣಂತಿಯ ತಟ್ಟೆಯಲ್ಲಿ ದಿನವೂ ಬೇಳೆ ಅಥವಾ ಕಾಳು, ಸೊಪ್ಪು, ತರಕಾರಿ, ರಾಗಿ ಮುದ್ದೆಯೋ ಜೋಳದ ರೊಟ್ಟಿಯೋ ಕುಚ್ಚಲಕ್ಕಿ ಅನ್ನವೋ ಇರಲಿ. ಎಳ್ಳು, ಕಡಲೆಕಾಯಿ, ಹಾಲು, ಹಣ್ಣು ಇರಲಿ. ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸವೂ ಇರಲಿ. ಅಕ್ಕಿಯನ್ನು ಹಲವು ನೀರಿನಲ್ಲಿ ತೊಳೆದು, ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿದರೆ ಉಳಿದಿದ್ದ ಬಿ1 ಕೂಡ ಹೋಗುತ್ತದೆ. ಮೆಣಸು, ಬೆಳ್ಳುಳ್ಳಿ, ತುಪ್ಪಗಳನ್ನು ಬಿಡಬೇಕಾಗಿಲ್ಲ, ಅವುಗಳ ಜೊತೆಗೆ ಉಳಿದದ್ದೂ ಇದ್ದರಾಯಿತು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯಡಿ 2017ರಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಸಿಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ ಆರು ತಿಂಗಳು ಮುಂದುವರಿಸಬೇಕು.

ತಾಯಿಯ ಮನಸ್ಸೂ ಇದೇ ವಿಷಯಕ್ಕೆ ಸೇರಿದ್ದು. ಹೆರಿಗೆಯ ಮೊದಲ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದ ಮೇಲೂ ದುಗುಡ ಇಳಿಯದೆ, ಮಗುವಿನ ಮೇಲೆ ಆಸೆಯೇ ಹುಟ್ಟದೆ, ಮಗು ಮಲಗಿದಾಗಲೂ ನಿದ್ದೆ ಬಾರದೆ ಇದ್ದರೆ ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲಿಸಿಕೊಂಡು ನೋಡಿಕೊಳ್ಳುವ ವಿಭಾಗವಿದೆ.

ಬೆಚ್ಚಗಿಡುವುದು, ಸ್ನಾನ, ಹೊಕ್ಕುಳ

ಮಗುವಿನ ಪಾದ ಮತ್ತು ಹೊಟ್ಟೆಯನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುವುದು ತಾಯಿ ಕಲಿಯಬೇಕಾದ ಮೊದಲ ಪರೀಕ್ಷೆ. ಎರಡೂ ಬೆಚ್ಚಗಿದ್ದರೆ ಮಗು ಸರಿಯಾಗಿದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕುಲಾವಿ, ಕಾಲುಚೀಲ ಹಾಕಿ ಎದೆಗೊತ್ತಿಕೊಳ್ಳಬೇಕು. ಎರಡೂ ತಣ್ಣಗಿದ್ದರೆ ಅದು ಅಪಾಯ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಅಥವಾ ತಿಂಗಳು ತುಂಬದ ಮಗುವಿಗೆ ಕಾಂಗರೂ ಆರೈಕೆಗಿಂತ ಉತ್ತಮವಾದ ಕಾವು ಇಲ್ಲ: ಲಂಗೋಟಿ ಮತ್ತು ಕುಲಾವಿ ಮಾತ್ರ ತೊಡಿಸಿದ ಮಗುವನ್ನು ತಾಯಿಯ ಬರಿಯೆದೆಯ ನಡುವೆ ನೇರವಾಗಿ ಇರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಇಬ್ಬರನ್ನೂ ಸೇರಿಸಿ ಬಟ್ಟೆಯಿಂದ ಕಟ್ಟಬೇಕು. ದಿನಕ್ಕೆ ಎಷ್ಟು ಹೆಚ್ಚು ಗಂಟೆ ಸಾಧ್ಯವೋ ಅಷ್ಟು ಒಳ್ಳೆಯದು. ತಾಯಿ ದಣಿದಾಗ ತಂದೆ, ಅಜ್ಜಿ ಯಾರಾದರೂ ಎದೆಗೆ ಕಟ್ಟಿಕೊಳ್ಳಬಹುದು. ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ಕೆಲಸ ವ್ಯವಸ್ಥಿತವಾಗಿ ನಡೆದಿದೆ. ಮಲೆನಾಡಿನ ಮಳೆಗಾಲದಲ್ಲಿ ಮಗುವಿಗೆ ಮೂರು ಪದರ ಬಟ್ಟೆ ಬೇಕಾದೀತು, ಆದರೆ ಬಯಲುಸೀಮೆಯ ಏಪ್ರಿಲ್‌ನಲ್ಲಿ ಹಾಗೆಯೇ ಕೌದಿ ಸುತ್ತಿದರೆ ಮಗುವಿಗೆ ಮೈ ಕಾವು ಏರಿ ಜ್ವರವೇ ಬರುತ್ತದೆ.

ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು, ಕಿಟಕಿ ಮುಚ್ಚುವುದನ್ನು ಬಿಡಲೇಬೇಕು. ಇದ್ದಿಲ ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಮಲಗಿದಲ್ಲಿಯೇ ಪ್ರಾಣ ಬಿಡಬಹುದು. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಿಡಿಯುವುದು, ಸೊಳ್ಳೆ ಬತ್ತಿ, ಊದುಬತ್ತಿ, ಬೀಡಿ ಸಿಗರೇಟು, ಸೌದೆ ಒಲೆ ಇವೆಲ್ಲದರ ಹೊಗೆ ಪುಟ್ಟ ಶ್ವಾಸಕೋಶಗಳನ್ನು ಕೆರಳಿಸಿ ನ್ಯುಮೋನಿಯಾಕ್ಕೆ ದಾರಿ ಮಾಡುತ್ತದೆ. ಕೂದಲನ್ನು ಹತ್ತಿ ಬಟ್ಟೆಯಿಂದ ಒರೆಸಿದರೆ ಒಣಗುತ್ತದೆ, ಸೊಳ್ಳೆಗೆ ಪರದೆ ಸಾಕು.

ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ, ತೂಕ ಕಡಿಮೆಯಿರುವ ಮಗುವಿಗೆ ವೈದ್ಯರು ಹೇಳುವವರೆಗೂ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆಯನ್ನು ಮೃದುವಾಗಿ ಹಚ್ಚುವುದು ಒಳ್ಳೆಯ ರೂಢಿ. ಕೈಕಾಲುಗಳನ್ನು ಜಗ್ಗುವುದು, ಮೂಗನ್ನು ಒತ್ತಿ ತಿದ್ದುವುದು, ನವಜಾತ ಶಿಶುವಿನ ಉಬ್ಬಿದ ಎದೆಯನ್ನು ಹಿಂಡಿ ಹಾಲು ತೆಗೆಯುವುದು ಕೆಟ್ಟ ರೂಢಿಗಳು. ತಾಯಿಯ ಹಾರ್ಮೋನುಗಳಿಂದ ಬರುವ ಆ ಉಬ್ಬು ತಾನಾಗಿ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ಗುಣವಾಗಲು ಕಷ್ಟವಾದ ನ್ಯುಮೋನಿಯಾ ತರುತ್ತದೆ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಬೇಕು, ಮುಖದ ಮೇಲೆ ಚೊಂಬಿನಿಂದ ಸುರಿಯಬಾರದು. ಹೊಕ್ಕುಳಬಳ್ಳಿಯ ತುಂಡು ಎರಡು ವಾರದೊಳಗೆ ಒಣಗಿ ಬೀಳುತ್ತದೆ, ಅಲ್ಲಿಯವರೆಗೆ ಅದನ್ನು ಲಂಗೋಟಿಯಿಂದ ಹೊರಗೆ, ಒಣಗಿರುವಂತೆ ಇಟ್ಟರೆ ಸಾಕು. ಅರಿಸಿನ, ಬೂದಿ, ಎಣ್ಣೆ, ಪೌಡರ್ ಯಾವುದೂ ಬೇಡ. ಕಣ್ಣಿಗೆ ಕಾಡಿಗೆ ತೀಡಿದರೆ ಸೋಂಕಿನ ಜೊತೆಗೆ ಸೀಸದ ವಿಷವೂ ತಗಲುವ ಸಂಭವವಿದೆ. ದೃಷ್ಟಿ ಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಬಹುದು.

ಮಲಗಿಸುವುದು

ಮಗುವನ್ನು ಸದಾ ಅಂಗಾತ ಮಲಗಿಸಬೇಕು. ಮಕ್ಕಳು ನಿದ್ದೆಯಲ್ಲಿಯೇ ಇದ್ದಕ್ಕಿದ್ದಂತೆ ಸಾಯುವ ಘಟನೆಗಳು ಬೋರಲು ಮಲಗಿಸಿದಾಗ ಹೆಚ್ಚು. ಹಾಸಿಗೆ ಗಟ್ಟಿಯಾಗಿರಲಿ, ಸುತ್ತಲೂ ದಿಂಬು, ದಪ್ಪ ರಗ್ಗು, ಗೊಂಬೆ ಬೇಡ. ತಲೆ ಗುಂಡಾಗಲೆಂದು ಇಡುವ ಸಾಸಿವೆ ದಿಂಬು ಕೂಡ ಬೇಡ. ತಾಯಿಯ ಪಕ್ಕದಲ್ಲಿಯೇ, ಆದರೆ ಮಗುವಿನದೇ ಆದ ಚಾಪೆ ಅಥವಾ ತೊಟ್ಟಿಲಲ್ಲಿ ಮಲಗಿಸುವುದು ಎಲ್ಲಕ್ಕಿಂತ ಕ್ಷೇಮ. ಕುಡಿದವರು, ನಿದ್ದೆ ಮಾತ್ರೆ ನುಂಗಿದವರು ಮಗುವಿನೊಡನೆ ಒಂದೇ ಹಾಸಿಗೆಯಲ್ಲಿ ಮಲಗಬಾರದು. ಸೀರೆಯ ಜೋಲಿ ಕಟ್ಟುವವರು ಗಂಟನ್ನು ದಿನವೂ ಪರೀಕ್ಷಿಸಿ, ನೆಲಕ್ಕೆ ಹತ್ತಿರವಾಗಿ ಕಟ್ಟಿ, ಗದ್ದ ಎದೆಗೆ ಒತ್ತದಂತೆ ನೋಡಿಕೊಳ್ಳಬೇಕು. ಅಣ್ಣ ಅಕ್ಕಂದಿರು ತೂಗಾಡದಂತೆ ಕಾಯಬೇಕು. ಕೊರಳಿಗೆ ತಾಯಿತದ ದಾರ, ಸರ ಹಾಕಿ ಮಲಗಿಸಬಾರದು.

ಲಸಿಕೆ ಮತ್ತು ಮನೆಗೆ ಬರುವ ಆಶಾ

ಹುಟ್ಟಿದಾಗ ಕ್ಷಯರೋಗ ತಡೆಯುವ ಬಿ.ಸಿ.ಜಿ., ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು), ಪೋಲಿಯೊ, ರೋಟಾ (ಭೇದಿ ತರುವ ವೈರಸ್ಸಿನ ವಿರುದ್ಧದ ಲಸಿಕೆ), ಇವುಗಳ ಜೊತೆ ನಿಗದಿತ ಭೇಟಿಗಳಲ್ಲಿ ನ್ಯುಮೋನಿಯಾ ಲಸಿಕೆ. ಒಂಬತ್ತು ತಿಂಗಳು ತುಂಬಿದಾಗ ದಡಾರ ರುಬೆಲ್ಲಾ ಮತ್ತು ವಿಟಮಿನ್ ಎ. ಸರ್ಕಾರಿ ಕೇಂದ್ರಗಳಲ್ಲಿ ಇವೆಲ್ಲ ಉಚಿತ. ಸಣ್ಣ ನೆಗಡಿಗೆ ಲಸಿಕೆಯನ್ನು ಮುಂದೂಡಬೇಕಾಗಿಲ್ಲ. ಬಿ.ಸಿ.ಜಿ. ಹಾಕಿದ ಜಾಗದಲ್ಲಿ ಕೆಲವು ವಾರಗಳ ನಂತರ ಗುಳ್ಳೆಯೆದ್ದು ಒಸರುವುದು ಸಹಜ, ಅದಕ್ಕೆ ಏನನ್ನೂ ಹಚ್ಚಬಾರದು. ಪೆಂಟಾ ನಂತರ ಜ್ವರ ಬಂದರೆ ಕೊಡಬೇಕಾದ ಪ್ಯಾರಾಸಿಟಮಾಲ್ ಹನಿಯ ಅಳತೆಯನ್ನು ಮಗುವಿನ ತೂಕಕ್ಕೆ ತಕ್ಕಂತೆ ದಾದಿಯಿಂದ ‘ತಾಯಿ ಕಾರ್ಡಿ’ನಲ್ಲಿಯೇ (ತಾಯಿ ಮಗುವಿನ ಆರೋಗ್ಯದ ದಾಖಲೆ ಪುಸ್ತಿಕೆ) ಬರೆಸಿಕೊಳ್ಳಿ. ವಿಟಮಿನ್ ಡಿ ಹನಿಯನ್ನು ದಿನಕ್ಕೆ 400 ಐ.ಯು.ನಂತೆ ಮೊದಲ ವರ್ಷವಿಡೀ ಕೊಡಬೇಕೆಂಬುದು ಮಕ್ಕಳ ವೈದ್ಯರ ಸಲಹೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಂದು ಮಗುವಿನ ತೂಕ, ಉಷ್ಣತೆ, ಉಸಿರು ನೋಡಬೇಕು. ಈ ಭೇಟಿಗಳ ಹಿಂದೆ ಮಹಾರಾಷ್ಟ್ರದ ಗಡಚಿರೋಲಿಯ ಅನುಭವವಿದೆ: ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಯಲ್ಲಿ ಆರೈಕೆ ನಡೆಸಿದಾಗ ನವಜಾತ ಶಿಶುಗಳ ಮರಣ ಶೇ. 62ರಷ್ಟು ತಗ್ಗಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಸೂತಕವೆಂದೋ ಬೇರೆ ಜಾತಿಯವರೆಂದೋ ಆಶಾಳನ್ನು ಬಾಗಿಲಲ್ಲಿಯೇ ನಿಲ್ಲಿಸಿ ಕಳುಹಿಸುವವರು ಮಗುವಿಗೆ ಸಿಗಬೇಕಾದ ರಕ್ಷಣೆಯನ್ನು ಹಿಂದಕ್ಕೆ ಕಳುಹಿಸುತ್ತಾರೆ. ಆಕೆಯಾಗಲಿ ನೆಂಟರಾಗಲಿ ಮಗುವನ್ನು ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಬೇಕು, ಕೆಮ್ಮು ಇರುವವರು ಕೋಣೆಗೆ ಬರಬಾರದು, ಯಾರೂ ಮುಖಕ್ಕೆ ಮುತ್ತಿಡಬಾರದು.

ಆರು ತಿಂಗಳ ನಂತರ

ಆರು ತಿಂಗಳು ತುಂಬಿದ ಮೇಲೆ ಎದೆಹಾಲು ಮುಂದುವರಿಸುತ್ತಲೇ ಮೇಲಿನ ಊಟ ಶುರುಮಾಡಬೇಕು. ಮೊಳಕೆ ಕಟ್ಟಿ ಒಣಗಿಸಿ, ಹುರಿದು ಬೀಸಿ ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ರಾಗಿ ಸರಿ ನಮ್ಮಲ್ಲಿರುವ ಅತ್ಯುತ್ತಮ ಆರಂಭ. ಆದರೆ ಅದನ್ನು ನೀರಿನಂತೆ ತೆಳ್ಳಗೆ ಮಾಡಿ ವರ್ಷವಿಡೀ ಅದೊಂದನ್ನೇ ಕುಡಿಸಿದರೆ ಮಗು ಸೊರಗುತ್ತದೆ. ಚಮಚ ಓರೆ ಮಾಡಿದರೂ ಹರಿದುಹೋಗದಷ್ಟು ಗಟ್ಟಿಯಾಗಿರಲಿ, ತುಪ್ಪವೋ ಎಣ್ಣೆಯೋ ಸೇರಲಿ. ಕೆಲವೇ ದಿನಗಳಲ್ಲಿ ಹೆಸರುಬೇಳೆ ಅನ್ನ, ಹಿಸುಕಿದ ಬಾಳೆಹಣ್ಣು, ಕುಂಬಳ, ಸೊಪ್ಪು, ಮೊಟ್ಟೆಗಳು ಬರಲಿ. ಎರಡು ಮೂರು ಚಮಚದಿಂದ ಆರಂಭಿಸಿ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಮುಂದೆ ಮೂರು ನಾಲ್ಕು ಸಲ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಸೇರಿಸಬೇಕಾಗಿಲ್ಲ, ಹಸುವಿನ ಹಾಲನ್ನು ಮುಖ್ಯ ಆಹಾರವಾಗಿ ಕೊಡಬಾರದು, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನಿಸಬಾರದು. ಅಂಗನವಾಡಿಯ ಪುಷ್ಟಿ ಪುಡಿಯನ್ನೂ, ಆಶಾ ಕೊಡುವ ಕಬ್ಬಿಣಾಂಶದ ಸಿರಪ್ಪನ್ನೂ ಬಳಸಿಕೊಳ್ಳಿ.

ಇದೇ ಹೊತ್ತಿಗೆ ಮಗು ಅಂಬೆಗಾಲಿಡುತ್ತದೆ, ಅಪಾಯಗಳೂ ನೆಲಕ್ಕಿಳಿಯುತ್ತವೆ. ಅರ್ಧ ಬಕೆಟ್ ನೀರಿಗೆ ತಲೆಕೆಳಗಾಗಿ ಬಿದ್ದ ಮಗು ಕೂಗಲಾರದು, ಏಳಲೂ ಆರದು. ಬಕೆಟ್ ಬರಿದು ಮಾಡಿ ಮಗುಚಿಡಬೇಕು, ಬಚ್ಚಲ ಬಾಗಿಲಿಗೆ ಚಿಲಕ ಹಾಕಬೇಕು, ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಕಡಲೆಕಾಯಿ ಬೀಜ, ಹುರಿಗಡಲೆ, ಹುಣಸೆ ಬೀಜ, ನಾಣ್ಯಗಳು ಉಸಿರುನಾಳಕ್ಕೆ ಸಿಗುತ್ತವೆ. ಆಟಿಕೆ ಮತ್ತು ರಿಮೋಟ್‌ಗಳ ಬಿಲ್ಲೆ ಬ್ಯಾಟರಿ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು, ನುಂಗಿದ ಅನುಮಾನವಿದ್ದರೂ ಕೂಡಲೇ ಆಸ್ಪತ್ರೆಗೆ ಓಡಬೇಕು. ಗಂಟಲಲ್ಲಿ ಏನಾದರೂ ಸಿಕ್ಕಿ ಮಗು ಕೆಮ್ಮಲೂ ಆಗದೆ ನೀಲಿಗಟ್ಟಿದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ 5 ಬಾರಿ ಬಲವಾಗಿ ತಟ್ಟಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ 5 ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನೇ ಬಿಡದೆ ಮಾಡುತ್ತಾ ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು, ಮಗು ಪ್ರಜ್ಞೆ ತಪ್ಪಿದರೆ ಅವರು ಫೋನಿನಲ್ಲಿ ಹೇಳಿದಂತೆ ನಡೆಯಬೇಕು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಬಾರದು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು, ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚಬಾರದು.

ಕಾಯಿಲೆ ಬಿದ್ದಾಗ

ಭೇದಿಯಾದರೆ ಎದೆಹಾಲು ನಿಲ್ಲಿಸಬಾರದು. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕಲಸಿ, ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ.ನಷ್ಟು ಚಮಚ ಚಮಚವಾಗಿ ಕುಡಿಸಬೇಕು; ಆಶಾ ಅಥವಾ ವೈದ್ಯರು ಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರೈಸಬೇಕು. ಎರಡು ತಿಂಗಳೊಳಗಿನ ಮಗುವಿಗೆ ಭೇದಿಯಾದರೆ ಮೊದಲು ಆಸ್ಪತ್ರೆಗೆ ತೋರಿಸಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರಲ್ಲಿ ರಾಜ್ಯಗಳಿಗೆ ತಿಳಿಸಿದೆ, ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತರುವುದಂತೂ ಬೇಡ. ಕಾಮಾಲೆಗೋ ಅಳುವಿಗೋ ಬರೆ ಹಾಕಿಸುವುದು ಎಳೆಯ ಜೀವಕ್ಕೆ ಮಾಡುವ ಹಿಂಸೆ. ಅದರಿಂದ ರೋಗ ಹೋಗುವುದಿಲ್ಲ, ಗಾಯದ ಮೂಲಕ ಸೋಂಕು ಒಳಹೋಗುತ್ತದೆ. ಎರಡನೆಯ ಮೂರನೆಯ ದಿನ ಮುಖ ಹಳದಿಯಾಗುವುದು ಬಹಳ ಮಕ್ಕಳಲ್ಲಿ ಕಾಣುತ್ತದೆ. ಮೊದಲ 24 ಗಂಟೆಯಲ್ಲಿಯೇ ಹಳದಿಯಾದರೆ, ಅಂಗೈ ಅಂಗಾಲುಗಳಿಗೆ ಹಳದಿ ಇಳಿದರೆ, ಎಳೆಬಿಸಿಲನ್ನು ನಂಬಿ ಕೂರದೆ ಆಸ್ಪತ್ರೆಯ ಬೆಳಕಿನ ಚಿಕಿತ್ಸೆಗೆ ಒಯ್ಯಬೇಕು.

ತಡಮಾಡದೆ ಹೊರಡಬೇಕಾದ ಲಕ್ಷಣಗಳಿವು: ಮಗು ಹಾಲು ಕುಡಿಯುವುದನ್ನು ಬಿಡುವುದು, ಎಬ್ಬಿಸಿದರೂ ಮಂಕಾಗಿರುವುದು, ಫಿಟ್ಸ್ ಬರುವುದು, ದನಿ ಕುಗ್ಗುವುದು, ಪಕ್ಕೆಯ ಕೆಳಭಾಗ ಪ್ರತಿ ಉಸಿರಿಗೂ ಒಳಸೆಳೆಯುವುದು, ಮೈ ತಣ್ಣಗಾಗುವುದು, ಎರಡು ತಿಂಗಳೊಳಗಿನ ಮಗುವಿಗೆ (ಪೆಂಟಾ ಹಾಕಿಸಿದ ಬೆನ್ನಿಗೆ ಬರುವ ಜ್ವರವನ್ನು ಬಿಟ್ಟು) ಯಾವುದೇ ಜ್ವರ, ಹೊಕ್ಕುಳದ ಸುತ್ತ ಕೆಂಪು ಅಥವಾ ಕೀವು, ನೆತ್ತಿ ಗುಳಿಬೀಳುವುದು ಇಲ್ಲವೇ ಉಬ್ಬುವುದು. ಮಗು ಶಾಂತವಾಗಿರುವಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಲ್ಲಿ 50 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು. 108ಕ್ಕೆ ಕರೆ ಮಾಡಿ. ಒಂದು ವರ್ಷದವರೆಗಿನ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಸಾಗಣೆ ಉಚಿತ, ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗಾಗಿಯೇ ವಿಶೇಷ ಘಟಕಗಳಿವೆ. ದಾರಿಯುದ್ದಕ್ಕೂ ಮಗುವನ್ನು ಎದೆಗೆ ಅಪ್ಪಿ ಬೆಚ್ಚಗಿಡಿ, ಚೀಪುವಷ್ಟು ಶಕ್ತಿಯಿದ್ದರೆ ಹಾಲು ಕೊಡುತ್ತಿರಿ. ತಾಯಿ ಕಾರ್ಡು, ಕೊಟ್ಟಿದ್ದ ಔಷಧಿಗಳ ಬಾಟಲಿ ಜೊತೆಗಿರಲಿ. ಮನೆಯಲ್ಲಿ ಏನನ್ನಾದರೂ ನೆಕ್ಕಿಸಿದ್ದರೆ ಅದನ್ನೂ, ಬಾಣಂತಿಯ ಪಥ್ಯ ಏನಿತ್ತೆಂಬುದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ.